ಬೆಕ್ಕು ಊಟ ಬಿಟ್ಟಾಗ

ಎಮ್ಮೆ ಒಂದು ಹೊತ್ತು ಮೇವು ಬಿಟ್ಟರೆ ನಮ್ಮ ಸೇಡಂ ಸೀಮೆಯಲ್ಲಿ ಮನೆಮಂದಿಗೆಲ್ಲ ನಿದ್ದೆ ಹಾರಿಹೋಗುತ್ತದೆ. ಬೆಕ್ಕು ಎರಡು ದಿನ ಏನೂ ಮುಟ್ಟದಿದ್ದರೂ ‘ಎಲ್ಲೋ ಇಲಿ ಹಿಡಿದು ತಿಂದಿರಬೇಕು’ ಎಂದು ಸುಮ್ಮನಾಗುತ್ತೇವೆ. ಕಾರಣ ಗುಟ್ಟಿನದೇನಲ್ಲ. ಎಮ್ಮೆ ಹಾಲು ಕೊಡುತ್ತದೆ, ಬೆಕ್ಕು ಅದನ್ನು ಕುಡಿಯುತ್ತದೆ!

ಬೆಕ್ಕಿನ ಸ್ವಭಾವವೂ ಹಾಗೆಯೇ ಎನ್ನಿ. ನೋವಾದರೆ ಕಾಲಬುಡಕ್ಕೆ ಬಂದು ಗೋಗರೆಯುವ ಪ್ರಾಣಿ ಅದಲ್ಲ. ಮಂಚದ ಕೆಳಗೋ ತೊಗರಿ ಚೀಲದ ಸಂದಿಗೋ ಸೇರಿ ಮೌನ ಹಿಡಿಯುತ್ತದೆ. ಬೇಸಿಗೆಯಲ್ಲಂತೂ ಗಟ್ಟಿಮುಟ್ಟಾದ ಬೆಕ್ಕೂ ಶಹಾಬಾದಿ ಪರಸಿಯ ತಂಪಿಗೆ ಹೊಟ್ಟೆಯೂರಿ ದಿನವಿಡೀ ಬಿದ್ದಿರುತ್ತದೆ. ಯಾವುದು ಜಡ್ಡು, ಯಾವುದು ಸೋಮಾರಿತನ, ತಿಳಿಯುವುದೆಂತು?

ಹೋದ ಬೇಸಿಗೆಯಲ್ಲಿ ನಮ್ಮ ಚಿನ್ನಿ ಕಾರಿಕೊಳ್ಳತೊಡಗಿದಾಗ, ಒಂಬತ್ತನೆಯ ತರಗತಿ ಮುಗಿಸಿ ರಜೆಯಲ್ಲಿದ್ದ ಮಗಳು ಹಳೆಯ ವಿಜ್ಞಾನದ ನೋಟುಬುಕ್ಕಿನ ಕೊನೆಯ ಹಾಳೆ ತೆಗೆದು ಬರೆಯಲು ಕೂತಳು. ‘ರಾತ್ರಿ 9-40: ರೊಟ್ಟಿ ಚೂರು. 11-15: ಬರೀ ನೊರೆ. ಬೆಳಿಗ್ಗೆ 5: ಹಳದಿ ನೀರು. ಹಾಲು ಮೂಸಿ ಬಿಟ್ಟಿತು. ಮೂತ್ರ ಒಂದು ಸಲ.’ ಇಷ್ಟು ಶ್ರದ್ಧೆ ಗಣಿತದ ಮೇಲಿದ್ದಿದ್ದರೆ ಎಂದು ಅವಳಪ್ಪ ಗೊಣಗಿದರು.

“ಬೆಕ್ಕು ಹುಲ್ಲು ತಿಂದು ಕಾರ್ಕೋತದ, ತನ್ನ ಔಷಧ ತಾನೇ ಮಾಡ್ಕೋತದ. ನೀ ಯಾಕ ಗಾಬ್ರಿ ಆಗ್ತಿ?” ಎಂದರು ಅತ್ತೆ. ಅವರ ಮಾತು ಪೂರಾ ಸುಳ್ಳಲ್ಲ. ಮೈ ನೆಕ್ಕುವಾಗ ಹೊಟ್ಟೆ ಸೇರಿದ ಕೂದಲನ್ನು ಆಗಾಗ ಉಂಡೆಯಾಗಿ ಹೊರಹಾಕುವುದು ಬೆಕ್ಕುಗಳಿಗೆ ಇದ್ದದ್ದೇ. ಒಮ್ಮೆ ಕಾರಿ, ಸ್ವಲ್ಪ ಹೊತ್ತಿಗೆ ತಟ್ಟೆಯ ಮುಂದೆ ಬಂದು ಕೂಗಿದರೆ ಚಿಂತೆಯಿಲ್ಲ. ಚಿನ್ನಿಯದು ಆಗಲೇ ಮೂರನೆಯ ಸಲ, ತಟ್ಟೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಪಕ್ಕದ ಮನೆಯ ಕಾಕಾ ಗೋಡೆಯ ಆಚೆಯಿಂದಲೇ ಮದ್ದು ಹೇಳಿದರು: “ಜ್ವರದ ಗುಳಿಗಿ ಅರ್ಧ ಮುರ್ದು ಕೊಡ್ರಿ. ಸಣ್ಣ ಮಕ್ಕಳಿಗಿ ಕೊಡಂಗಿಲ್ಲೇನು?” ಮಗಳು ಬೇಡವೇ ಬೇಡ ಎಂದು ಕೈ ಅಡ್ಡ ಹಿಡಿದಳು. ಪ್ಯಾರಾಸಿಟಮಾಲನ್ನು ನಮ್ಮ ಯಕೃತ್ತು ಅರಗಿಸಿ ಹೊರಹಾಕುವಂತೆ ಬೆಕ್ಕಿನ ಯಕೃತ್ತು ಹಾಕಲಾರದು. ಅದರಿಂದ ಬೆಕ್ಕಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಒಂದೇ ಗುಳಿಗೆ ಪ್ರಾಣ ತೆಗೆದೀತು. ಮನೆಯ ಔಷಧದ ಡಬ್ಬಿಯ ಮೇಲೆ ಇದೊಂದನ್ನು ಬರೆದಿಟ್ಟರೂ ಅಡ್ಡಿಯಿಲ್ಲ.

ತರಕಾರಿ ಬುಟ್ಟಿಗೆ ಇನ್ನೊಂದು ಬುಟ್ಟಿ ಕವುಚಿ ಕಟ್ಟಿಕೊಂಡು ಪಶು ಆಸ್ಪತ್ರೆಗೆ ಹೋದೆವು. ನಮ್ಮ ಮುಂದೆ ಎರಡು ಎತ್ತು, ಒಂದು ಆಡು. ಎತ್ತಿನವರು ಬುಟ್ಟಿ ಇಣುಕಿ ನಕ್ಕರು. ಡಾಕ್ಟರು ನಗಲಿಲ್ಲ. “ಎಷ್ಟು ಸಲ ಕಾರ್‍ಯಾದ? ಏನು ಬಿತ್ತು? ಕಡೀಕ ತಿಂದಿದ್ದು ಯಾವಾಗ? ಮನ್ಯಾಗ ಇಲಿ ಪಾಷಾಣ ಇಟ್ಟೀರೇನು?” ಮಗಳು ನೋಟುಬುಕ್ಕು ಮುಂದಿಟ್ಟಳು. ಅವರು ಅದನ್ನು ಎರಡು ಸಲ ಓದಿದರು.

ಆಮೇಲೆ ಬಾಯಿ ತೆರೆದು, ನಾಲಿಗೆ ಎತ್ತಿ ಅಡಿಯಲ್ಲಿ ನೋಡಿದರು. ಬೆಕ್ಕು ಆಡುತ್ತಾ ಚೀಲ ಹೊಲಿದ ದಾರ ನುಂಗಿದರೆ ಒಂದು ತುದಿ ನಾಲಿಗೆಯ ಬುಡಕ್ಕೆ ಸಿಕ್ಕಿ, ಉಳಿದದ್ದು ಒಳಗೆ ಕರುಳನ್ನು ನೆರಿಗೆಯಂತೆ ಸುರುಟಿಬಿಡುತ್ತದೆಯಂತೆ. ದಾರ ಕಂಡರೂ ಎಳೆಯಬಾರದು, ಕರುಳೇ ಕೊಯ್ದೀತು. ತೊಗರಿ ಚೀಲ ಬಿಚ್ಚಿ ದಾರವನ್ನು ಮೂಲೆಗೆಸೆಯುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಚಿನ್ನಿಯ ಬಾಯಲ್ಲಿ ದಾರವಿರಲಿಲ್ಲ. ಹೆಗಲ ಚರ್ಮ ಹಿಡಿದೆತ್ತಿ ಬಿಟ್ಟರೆ ಮಾತ್ರ ಅದು ನಿಧಾನವಾಗಿ ಇಳಿಯುತ್ತಿತ್ತು. ಮೈಯ ನೀರು ಕಡಿಮೆಯಾದ ಗುರುತು ಅದು. ಚರ್ಮದಡಿ ಸಲೈನು ಬಿಟ್ಟು, ವಾಂತಿ ನಿಲ್ಲಲು ಒಂದು ಸೂಜಿ ಹಾಕಿದರು. ಹಳಸಿದ್ದೇನೋ ತಿಂದಿರಬೇಕು ಎಂಬುದು ಅವರ ಅಂದಾಜು. “ಮುಂಜಾನಿ ತನಕ ನಿಲ್ಲಲಿಲ್ಲಂದ್ರ ಬೀದರಿಗಿ ಒಯ್ರಿ” ಎಂದರು.

ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಚಿಂಚೋಳಿ ದಾಟಿ ಹೋಗಬೇಕು. ಅದೂ ಜಡ್ಡಾದ ಬೆಕ್ಕು, ಬಿಸಿಲು. ಆ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಮಗಳು ಹನ್ನೆರಡರ ತನಕ ಕೂತು, ಗೋಡೆಗೊರಗಿ ಹಾಗೇ ಮಲಗಿಬಿಟ್ಟಳು. ಬೆಳಿಗ್ಗೆ ನೋಟುಬುಕ್ಕು ನೋಡಿದರೆ ‘2-30: ಕಾರಿಲ್ಲ. ನೀರು ನೆಕ್ಕಿತು’ ಎಂದಿತ್ತು. ಅಕ್ಷರ ಅವಳದಲ್ಲ, ಅವಳಪ್ಪನದು.

ಆ ಮೇಲೆ ವಾಡಿ, ಚಿತ್ತಾಪುರದ ನೆಂಟರೂ ತಮ್ಮ ಬೆಕ್ಕಿನ ಸಮಾಚಾರಕ್ಕೆ ನಮ್ಮ ಮನೆಗೇ ಫೋನು ಮಾಡುತ್ತಾರೆ. ಮಗಳು ಮೊದಲು ಕೇಳುವುದು ‘ಮರಿಯೋ ದೊಡ್ಡದೋ?’ ಎಂದು. ಲಸಿಕೆ ಹಾಕಿಸದ ಮರಿಗೆ ವಾಂತಿ ಭೇದಿ ಹತ್ತಿದರೆ ವೈರಸ್ ರೋಗವಿರಬಹುದು, ಒಂದು ದಿನವೂ ಕಾಯುವಂತಿಲ್ಲ. ರಕ್ತ ಕಂಡರೂ, ಒಂದು ದಿನ ಪೂರ್ತಿ ಊಟ ಬಿಟ್ಟರೂ ಆಸ್ಪತ್ರೆಗೇ. ಗಂಡುಬೆಕ್ಕು ಕೂತು ಕೂತು ಮುಕ್ಕುತ್ತಿದ್ದರೆ ಮಲಬದ್ಧತೆ ಎಂದುಕೊಳ್ಳುವವರೇ ಹೆಚ್ಚು. ಮೂತ್ರ ಕಟ್ಟಿದ್ದರೆ ಎರಡು ಮೂರು ದಿನದಲ್ಲಿ ಸತ್ತೇಹೋದೀತು.

ಚಿನ್ನಿಗೆ ಹಾಲು ನಿಂತಿದೆ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಅರಗದು, ಭೇದಿಯಾಗುತ್ತದೆ. ಹಾಲು ಕುಡಿಯದ ಬೆಕ್ಕು ಅದೆಂಥ ಬೆಕ್ಕು ಎಂದು ಅತ್ತೆ ಇನ್ನೂ ವಾದಿಸುತ್ತಾರೆ. ಬೆಕ್ಕು ಮಾಂಸಾಹಾರಿ, ಬರೀ ರೊಟ್ಟಿಯಲ್ಲಿ ಬದುಕದು ಎಂದು ಡಾಕ್ಟರು ಹೇಳಿದ್ದು ನಮ್ಮಂಥ ಶಾಖಾಹಾರಿ ಮನೆಗೆ ದೊಡ್ಡ ಪೇಚು. ಈಗ ಅಂಗಡಿಯ ಬೆಕ್ಕಿನ ಆಹಾರ ತರುತ್ತೇವೆ. ಅದರ ಜೊತೆಗೆ ವಾರಕ್ಕೆರಡು ಸಲ ಕಾಕಾ ಅವರ ಮನೆಯಲ್ಲಿ ಬೆಂದ ಮೊಟ್ಟೆಯೊಂದು ಹಿತ್ತಲ ಗೋಡೆ ದಾಟಿ ಬರುತ್ತದೆ. ಅತ್ತೆ ಆ ಹೊತ್ತಿಗೆ ಸರಿಯಾಗಿ ದೇವರ ಕೋಣೆಯಲ್ಲಿರುತ್ತಾರೆ.