ಕಣ್ಣಿಗೆ ಬೀಳುವುದು, ಕಣ್ಣು ಬೀಳುವುದು

ಕಾಲೇಜಿನ ನಾಟಕದಲ್ಲಿ ನನಗೆ ಪಾತ್ರ ಸಿಗಲಿಲ್ಲ, ಸ್ಪಾಟ್‌ಲೈಟ್ ಸಿಕ್ಕಿತು. ಅಂದರೆ ಅದರ ಹಿಂದೆ ನಿಲ್ಲುವ ಕೆಲಸ. ಸಭಾಂಗಣದ ಕೊನೆಯಲ್ಲಿ ಬೆಂಚಿನ ಮೇಲೆ ಬೆಂಚಿಟ್ಟು ನನ್ನನ್ನು ಹತ್ತಿಸಿದ್ದರು. ದೀಪ ಬೇಗ ಕಾದುಬಿಡುತ್ತಿತ್ತು. ಕೈಗೆ ಹಳೆಯ ಟವೆಲ್ ಸುತ್ತಿಕೊಂಡೇ ತಿರುಗಿಸಬೇಕು. ನಿರ್ದೇಶಕರು ಹೇಳಿದ್ದು ಒಂದೇ ಮಾತು: “ರಾಜನನ್ನು ಬಿಡಬೇಡ.”

ಎರಡನೇ ಅಂಕದಲ್ಲಿ ರಾಜ ಮಾತು ಮರೆತ. ರಾಜನೆಂದರೆ ನನ್ನ ಹಾಸ್ಟೆಲ್ ರೂಮ್‌ಮೇಟ್. ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ, ಬೆಳಕೂ ಸರಿಯಿತು. ಇನ್ನೊಂದು ಹೆಜ್ಜೆ. ಅಲ್ಲಿಗೂ ಹೋದೆ. ಶಿಳ್ಳೆ ಶುರುವಾಯಿತು. ಕೊನೆಗೆ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದ. ನಾನು ಅವನಿಗೆ ಕಾಣುತ್ತಿರಲಿಲ್ಲ. ಬೆಳಕಿನೊಳಗೆ ನಿಂತವನಿಗೆ ಎದುರಿಗಿರುವುದೆಲ್ಲ ಕಪ್ಪು.

ಈಗ ಈ ಪದ ರಂಗಭೂಮಿಯ ಹಂಗಿಲ್ಲದೆ ಓಡಾಡುತ್ತದೆ. ಶತಕ ಹೊಡೆದ ಹುಡುಗ, ಪಕ್ಷ ಬದಲಿಸಿದ ಶಾಸಕ, ಮದುವೆಮನೆಯಲ್ಲಿ ಹೊಸ ಸೀರೆ ಉಟ್ಟ ಅತ್ತಿಗೆ, ಎಲ್ಲರೂ ‘ಸ್ಪಾಟ್‌ಲೈಟ್‌’ನಲ್ಲಿ. ಇದರ ಹಿರಿಯಕ್ಕ ‘ಲೈಮ್‌ಲೈಟ್’. ಅಲ್ಲಿನ ಲೈಮ್ ನಿಂಬೆಯಲ್ಲ, ಸುಣ್ಣ. ಸುಣ್ಣದ ತುಂಡನ್ನು ತೀಕ್ಷ್ಣ ಉರಿಯಲ್ಲಿ ಕಾಯಿಸಿದರೆ ಬರುವ ಬಿಳಿ ಬೆಳಕನ್ನು 1837ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಬಳಸಿದ್ದರು. ಸುಣ್ಣ ಒಂದೇ ಕಡೆ ಸವೆಯದಂತೆ ಅದನ್ನು ತಿರುಗಿಸುತ್ತಿರಲು ಪಕ್ಕದಲ್ಲಿ ಒಬ್ಬ ಬೇಕು. ಅವನ ಕೈ ಸುಟ್ಟಿತ್ತೋ ಏನೋ, ಯಾರು ಬರೆದಿಟ್ಟಾರು!

ನಮ್ಮ ಮಾತು ಇಲ್ಲಿ ಹೆಚ್ಚು ಹುಷಾರಾಗಿದೆ. ಪುಸ್ತಕ ಬೆಳಕು ಕಾಣುತ್ತದೆ, ಹಗರಣವೂ ಬೆಳಕಿಗೆ ಬರುತ್ತದೆ. ‘ಕಣ್ಣಿಗೆ ಬೀಳುವುದು’ ಬೇರೆ, ‘ಕಣ್ಣು ಬೀಳುವುದು’ ಬೇರೆ; ನಡುವೆ ಇರುವುದು ಒಂದು ವಿಭಕ್ತಿ ಮಾತ್ರ. ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಫೋಟೊ ಪತ್ರಿಕೆಯಲ್ಲಿ ಬಂದ ದಿನ ಅಮ್ಮ ಊರಿಗೆಲ್ಲ ತೋರಿಸಿಕೊಂಡು ಬಂದಳು. ಸಂಜೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಸ್ಪಾಟ್‌ಲೈಟ್ ಅನ್ನುವ ಪದದಲ್ಲಿ ಮೊದಲನೆಯದು ಇದೆ, ಎರಡನೆಯದು ಇಲ್ಲ.

ನಾಟಕದ ರಾತ್ರಿ ಅವನು ಊಟಕ್ಕೆ ಬರಲಿಲ್ಲ. ನಾನು ರೂಮಿಗೆ ಹೋದಾಗ ಮುಖಕ್ಕೆ ಹಚ್ಚಿದ್ದ ಬಣ್ಣ ಕಿವಿಯ ಹಿಂದೆ ಇನ್ನೂ ಉಳಿದಿತ್ತು.

“ಪಕ್ಕದಲ್ಲೇ ಮಂತ್ರಿ ಇದ್ನಲ್ಲೋ,” ಅಂದ. “ಒಂದ್ ನಿಮಿಷ ಅವನ ಮೇಲೆ ತಿರುಗ್ಸೋಕೆ ಆಗ್ತಿರ್ಲಿಲ್ವಾ?”

“ಸರ್ ಹೇಳಿದ್ರು, ರಾಜನ್ನ ಬಿಡಬೇಡ ಅಂತ.”

ಅವನು ಎದ್ದು ರೂಮಿನ ಲೈಟ್ ಆರಿಸಿದ.