ಎಡಗಡೆಯ ಸಿಲಿಂಡರ್

ದೊಡ್ಡನೆಕ್ಕುಂದಿಯಲ್ಲಿ ಕೆರೆಯಿದೆ, ಸಮುದ್ರವಿಲ್ಲ. ಆದರೂ ಅಕ್ಟೋಬರ್ ಬಂತೆಂದರೆ ನಮ್ಮ ಬಾಲ್ಕನಿಯಲ್ಲಿ ಸಮುದ್ರದ ಸಾಮಾನೆಲ್ಲ ಹರಡಿಕೊಳ್ಳುತ್ತದೆ. ಮಳೆಗಾಲದುದ್ದಕ್ಕೂ ಯಾರನ್ನೂ ಹತ್ತಿರ ಬಿಡದ ನೇತ್ರಾಣಿ ದ್ವೀಪ ಆ ಹೊತ್ತಿಗೆ ಮತ್ತೆ ಡೈವರ್‌ಗಳನ್ನು ಬರಮಾಡಿಕೊಳ್ಳುತ್ತದೆ. ಫಿನ್ನು, ಮಾಸ್ಕು, ವೆಟ್‌ಸೂಟು ಬಿಸಿಲಿಗೆ ಬೀಳುತ್ತವೆ. ಇವುಗಳ ನಡುವೆ ಒಂದೂವರೆ ಅಡಿ ಎತ್ತರದ, ಅಲ್ಯೂಮಿನಿಯಂನ ಒಂದು ಪುಟ್ಟ ಸಿಲಿಂಡರ್ ನಿಂತಿರುತ್ತದೆ. ಡೈವರ್‌ಗಳ ಮಾತಿನಲ್ಲಿ ಅದು ಪೋನಿ. ನನ್ನ ಸಾಮಾನುಗಳಲ್ಲೆಲ್ಲ ನನಗೆ ಅತಿ ಪ್ರೀತಿಯದು ಇದೇ.

ಲಿಫ್ಟಿನಲ್ಲಿ ಅದನ್ನು ತರುತ್ತಿದ್ದಾಗ ಮೇಲಿನ ಮಹಡಿಯ ಹಿರಿಯರೊಬ್ಬರು ಕೇಳಿದರು: “ಏನಪ್ಪಾ ಇದು, ಬೆಂಕಿ ಆರಿಸೋದಾ?”

“ಅಲ್ಲ ಅಂಕಲ್, ನೀರೊಳಗೆ ಉಸಿರಾಡೋಕೆ.”

“ಓ, ಆಕ್ಸಿಜನ್ನು.”

“ಬರೀ ಗಾಳಿ ಅಂಕಲ್. ಈಗ ನಾವಿಬ್ಬರೂ ಉಸಿರಾಡ್ತಿದೀವಲ್ಲ, ಅದೇ.”

ಅವರು ನಂಬಲಿಲ್ಲ. ನಂಬದವರು ಬಹಳ ಜನ. ಸ್ಕೂಬಾ ಸಿಲಿಂಡರ್ ಅಂದರೆ ಆಕ್ಸಿಜನ್ ಎಂದೇ ಲೋಕದ ಲೆಕ್ಕ. ನಿಜವೆಂದರೆ, ಶುದ್ಧ ಆಕ್ಸಿಜನ್ ಸೇವಿಸುತ್ತ ಆರು ಮೀಟರಿಗಿಂತ ಕೆಳಗಿಳಿದರೆ ಅದೇ ವಿಷವಾಗಿ ಮೈ ಸೆಟೆದುಕೊಳ್ಳುವ ಅಪಾಯವಿದೆ. ನಮ್ಮ ಇಂಡಸ್ಟ್ರಿಯಲ್ ಏರಿಯಾದ ಕಡೆ ವೆಲ್ಡಿಂಗಿಗೆ ಆಕ್ಸಿಜನ್, ಆರ್ಗಾನ್ ಸಿಲಿಂಡರ್ ಹೊತ್ತ ಟೆಂಪೋಗಳು ಎದುರಾಗುತ್ತಲೇ ಇರುತ್ತವೆ. ಆದರೆ ಪೋನಿಯನ್ನು ತುಂಬಿಸಲು ಆ ಕಡೆ ತಲೆ ಹಾಕುವಂತಿಲ್ಲ. ಎಣ್ಣೆಯ ಹನಿ, ತೇವ, ಹೊಗೆ ಯಾವುದೂ ಸೇರದಂತೆ ಸೋಸಿದ ಗಾಳಿ ಬೇಕು. ಅದು ನನಗೆ ಸಿಗುವುದು ಡೈವ್ ಸೆಂಟರಿನ ಕಂಪ್ರೆಸರ್‌ನಲ್ಲಿ. ಹಾಗಾಗಿ ನೇತ್ರಾಣಿಗೆ ಹೊರಟಾಗ ಬಾಟಲಿ ಇಲ್ಲಿಂದ ಖಾಲಿಯಾಗಿಯೇ ಹೋಗಿ, ಅಲ್ಲಿಗೆ ದೋಣಿ ಹೊರಡುವ ಮುರುಡೇಶ್ವರದಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ.

ಬೆನ್ನ ಮೇಲೆ ದೊಡ್ಡ ಸಿಲಿಂಡರ್ ಇರುವಾಗ ಇನ್ನೊಂದೇಕೆ? ಪ್ರತಿ ಡೈವರ್‌ನ ಬಳಿಯೂ ಆಕ್ಟೋಪಸ್ ಎಂಬ ಹಳದಿ ಬಣ್ಣದ ಎರಡನೇ ಬಾಯಿಕೊಳವೆ ಹೇಗೂ ಇರುತ್ತದೆ. ಜೊತೆಗಾರನ ಗಾಳಿ ಮುಗಿದರೆ ಅವನ ಬಾಯಿಗೆ ಕೊಡಲು ಅದು. ಒಳ್ಳೆಯ ವ್ಯವಸ್ಥೆಯೇ, ಆದರೆ ಎರಡೂ ಬಾಯಿಕೊಳವೆಗೆ ಗಾಳಿ ಬರುವುದು ಒಂದೇ ಸಿಲಿಂಡರಿನಿಂದ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾದು ಕೂತ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಓವರ್‌ಹೆಡ್ ಟ್ಯಾಂಕ್ ಬರಿದಾದ ಮೇಲೆ ಮನೆಯಲ್ಲಿ ಎಷ್ಟು ನಲ್ಲಿ ಇದ್ದರೇನು? ಸಿಲಿಂಡರಿನ ಗಾಳಿಯನ್ನು ಉಸಿರಾಟಕ್ಕೆ ಹದಗೊಳಿಸುವ ರೆಗ್ಯುಲೇಟರ್ ಕೆಟ್ಟರೆ ಸಾಮಾನ್ಯವಾಗಿ ಗಾಳಿ ಕಟ್ಟಿಕೊಳ್ಳುವುದಿಲ್ಲ, ಭೋರೆಂದು ಹೊರಗೆ ಹರಿಯುತ್ತದೆ. ಹಾಗೆ ಹರಿಯತೊಡಗಿದರೆ ತುಂಬಿದ ಸಿಲಿಂಡರ್ ಕೂಡ ಕೆಲವೇ ನಿಮಿಷದಲ್ಲಿ ಬರಿದು. ಆಗ ಜೊತೆಗಾರ ಪಕ್ಕದಲ್ಲೇ ಇರಬೇಕು. ನೇತ್ರಾಣಿಯಲ್ಲಿ ನೀರು ಮಬ್ಬಾದ ದಿನ, ಬಂಡೆಯ ಸಂದಿನಲ್ಲಿ ಲಯನ್‌ಫಿಶ್ ಒಂದು ರೆಕ್ಕೆ ಬಿಚ್ಚಿ ನಿಂತಾಗ, ಪಕ್ಕದವನು ಹತ್ತು ಮಾರು ಆಚೆ ಹೋಗಿರುವುದು ಏನೂ ಅಪರೂಪವಲ್ಲ. ಪೋನಿಗೆ ತನ್ನದೇ ಗಾಳಿ, ತನ್ನದೇ ರೆಗ್ಯುಲೇಟರ್, ತನ್ನದೇ ಗೇಜ್. ಅದು ಯಾರನ್ನೂ, ಯಾವುದನ್ನೂ ನೆಚ್ಚಿಕೊಂಡಿಲ್ಲ.

ಮೀಸಲು ಗಾಳಿಯ ಯೋಚನೆ ಹೊಸದೇನಲ್ಲ. 1943ರಲ್ಲಿ ಫ್ರಾನ್ಸಿನ ಕುಸ್ಟೊ ಮತ್ತು ಗನ್ಯಾನ್ ಆಕ್ವಾಲಂಗ್ ಎಂಬ ಉಸಿರಾಟದ ಸಾಧನ ರೂಪಿಸಿದ ನಂತರದ ಕಾಲದಲ್ಲಿ ಬಹಳ ಮಂದಿ ಗಾಳಿ ಎಷ್ಟು ಉಳಿದಿದೆಯೆಂದು ತೋರಿಸುವ ಗೇಜ್ ಇಲ್ಲದೆಯೇ ಇಳಿಯುತ್ತಿದ್ದರು. ಉಸಿರು ಎಳೆಯುವುದು ಬಿಗಿಯಾದಾಗ ಬೆನ್ನ ಹಿಂದಿನ ಕಡ್ಡಿಯೊಂದನ್ನು ಜಗ್ಗಿದರೆ ಕೊನೆಯ ಒಂದಿಷ್ಟು ಗಾಳಿ ಬಿಡುಗಡೆಯಾಗುತ್ತಿತ್ತು. ಕಡ್ಡಿ ಎಲ್ಲೋ ತಗುಲಿ ಮೊದಲೇ ಕೆಳಗೆ ಬಂದಿದ್ದರೆ ಮುಗಿಯಿತು, ಜಗ್ಗಲು ಏನೂ ಉಳಿದಿರುತ್ತಿರಲಿಲ್ಲ. ಆ ಧೈರ್ಯಕ್ಕೆ ಕೈಮುಗಿಯುತ್ತೇನೆ.

ಪೋನಿಯನ್ನು ಆರಿಸುವಾಗ ನಾನು ನೋಡಿದ್ದು ಲೆಕ್ಕ. ಮೇಲ್ಮೈಯ ಒತ್ತಡದ ಲೆಕ್ಕದಲ್ಲಿ, ನೆಮ್ಮದಿಯಾಗಿ ಈಜುವ ಡೈವರ್‌ಗೆ ನಿಮಿಷಕ್ಕೆ 15ರಿಂದ 20 ಲೀಟರ್ ಗಾಳಿ ಸಾಕು. ಗಾಬರಿಯಾದವನಿಗೆ 30 ಎಂದಿಟ್ಟುಕೊಳ್ಳೋಣ. 30 ಮೀಟರ್ ಆಳದಲ್ಲಿ ಒತ್ತಡ ನಾಲ್ಕು ಪಟ್ಟು, ಹಾಗಾಗಿ ಅಲ್ಲಿ ನಿಮಿಷಕ್ಕೆ 120 ಲೀಟರ್. ಏನಾಯಿತೆಂದು ಅರಿತು ಸುಧಾರಿಸಿಕೊಳ್ಳಲು ಒಂದು ನಿಮಿಷ ಕೊಡಬೇಕು. ನಿಮಿಷಕ್ಕೆ ಒಂಬತ್ತು ಮೀಟರಿನಂತೆ ಐದು ಮೀಟರ್ ಆಳದವರೆಗೆ ಏರಲು ಹತ್ತಿರ ಹತ್ತಿರ ಮೂರು ನಿಮಿಷ, 250 ಲೀಟರ್. ಅಲ್ಲಿ ಸುರಕ್ಷತೆಗೆಂದು ಮೂರು ನಿಮಿಷ ನಿಲ್ಲಲು 135. ಕೊನೆಯ ಐದು ಮೀಟರಿಗೆ ಇನ್ನೊಂದಿಷ್ಟು. ಕೂಡಿದರೆ 530ರ ಆಸುಪಾಸು. 2.7 ಲೀಟರಿನ ಬಾಟಲಿಗೆ 200 ಬಾರ್ ತುಂಬಿದರೆ 540. ನಾನು ಕೊಂಡದ್ದು ಅದನ್ನೇ.

ಸ್ಪೇರ್ ಏರ್ ಎಂಬ ಇನ್ನೂ ಪುಟ್ಟದೊಂದು ಸಿಗುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು, ಬಾಟಲಿಯ ತಲೆಗೇ ಬಾಯಿಕೊಳವೆ. ನೋಡಲು ಮುದ್ದಾಗಿದೆ, ಪ್ರಯಾಣಕ್ಕೆ ಹಗುರ. ಅದರ ದೊಡ್ಡ ಮಾದರಿಯಲ್ಲೂ ಹಿಡಿಯುವುದು ಸುಮಾರು 85 ಲೀಟರ್. ಮೇಲಿನ ಲೆಕ್ಕದಲ್ಲಿ 30 ಮೀಟರ್ ಆಳದಲ್ಲಿ ಅದು ಮುಕ್ಕಾಲು ನಿಮಿಷವೂ ಬಾರದು. ನೀರಿಗೆ ಬಿದ್ದ ಹೆಲಿಕಾಪ್ಟರಿನಿಂದ ಹೊರಬರುವವನಿಗೆ ಅಂಥದ್ದು ಪ್ರಾಣ ಉಳಿಸಬಲ್ಲದು. ನನಗೆ ಬೇಕಿರುವುದು ಬೇರೆ. ಮೇಲಕ್ಕೆ ಧಾವಿಸುವ ಅಗತ್ಯವೇ ಬೀಳದಂತೆ, ಎಂದಿನ ನಿಧಾನದಲ್ಲಿ ಏರಿ, ನಿಲ್ಲಬೇಕಾದಲ್ಲಿ ನಿಂತು ಬರುವಷ್ಟು ಹೊತ್ತು ಬೇಕು. ಗಡಿಬಿಡಿಯ ಏರಿಕೆಯಲ್ಲೇ ಶ್ವಾಸಕೋಶಕ್ಕೆ, ರಕ್ತಕ್ಕೆ ಅಪಾಯ ಕಾದಿರುವುದು.

ಇನ್ನು ಕಟ್ಟುವ ಬಗೆ. ದೊಡ್ಡ ಸಿಲಿಂಡರಿನ ಪಕ್ಕಕ್ಕೇ ಬೆನ್ನಿಗೆ ಬಿಗಿಯುವವರಿದ್ದಾರೆ. ನನಗದು ಹಿಡಿಸದು, ಕಣ್ಣಿಗೆ ಬೀಳದ ವಸ್ತುವಿನ ಮೇಲೆ ನಂಬಿಕೆ ಕೂರುವುದಿಲ್ಲ. ನಾನು ಎಡ ಕಂಕುಳ ಕೆಳಗೆ ಎರಡು ಕೊಕ್ಕೆಗಳಿಂದ ತೂಗುಬಿಟ್ಟುಕೊಳ್ಳುತ್ತೇನೆ. ತಲೆ ತಗ್ಗಿಸಿದರೆ ಗೇಜ್ ಕಾಣುತ್ತದೆ, ವಾಲ್ವ್ ಕೈಗೆ ಸಿಗುತ್ತದೆ. ಬಾಯಿಕೊಳವೆಯನ್ನು ರಬ್ಬರ್ ದಾರದಡಿ ಕೆಳಮುಖವಾಗಿ ಸಿಕ್ಕಿಸಿದರೆ ಗಾಳಿ ತಾನಾಗಿ ಸೋರುವುದಿಲ್ಲ. ವಾಲ್ವನ್ನು ಮುಚ್ಚಿಟ್ಟುಕೊಂಡು ಇಳಿಯಬೇಕೆ, ತೆರೆದೇ ಇಡಬೇಕೆ ಎಂಬ ವಾದ ಡೈವರ್‌ಗಳಲ್ಲಿ ಹಳೆಯದು. ನಾನು ತೆರೆದಿಡುವವರ ಪೈಕಿ. ಸೋರಿದರೆ ಗುಳ್ಳೆ ಕಣ್ಣೆದುರೇ ಕಾಣುತ್ತದೆ, ಮತ್ತು ಬೇಕಾದ ಗಳಿಗೆಯಲ್ಲಿ ಕೈಗೆ ಒಂದು ಕೆಲಸ ಕಡಿಮೆ. ಬಾಯಿಕೊಳವೆಗೆ ಒರಟು ಟೇಪು ಸುತ್ತಿದ್ದೇನೆ, ಬೆರಳು ಸೋಕಿದರೆ ಸಾಕು ಯಾವುದೆಂದು ಗೊತ್ತಾಗುತ್ತದೆ. ಇದು ಸಣ್ಣ ವಿಷಯವಲ್ಲ. ದೋಣಿಯ ಗಲಾಟೆಯಲ್ಲಿ ಪೋನಿಯನ್ನೇ ಬಾಯಿಗಿಟ್ಟುಕೊಂಡು ನೀರಿಗೆ ಹಾರಿದರೆ ಆಪತ್ಕಾಲದ ಗಾಳಿ ಆಳ ಮುಟ್ಟುವಷ್ಟರಲ್ಲೇ ಸಾಕಷ್ಟು ಖರ್ಚಾಗಿರುತ್ತದೆ.

ಬಳಕೆಯ ಅಭ್ಯಾಸ ವೈಟ್‌ಫೀಲ್ಡ್ ಕಡೆಯ ಈಜುಕೊಳದಲ್ಲಿ. ತಳದಲ್ಲಿ ಮಂಡಿಯೂರಿ ಕಣ್ಣು ಮುಚ್ಚುತ್ತೇನೆ. ಬಲಗೈ ಎದೆಯ ಮೇಲಿಂದ ಎಡಕ್ಕೆ ಸರಿದು ಟೇಪಿನ ಒರಟನ್ನು ಹುಡುಕುತ್ತದೆ. ಬಾಯಲ್ಲಿದ್ದುದನ್ನು ತೆಗೆದ ಕ್ಷಣದಿಂದ ತುಟಿಯ ಸಂದಿಯಲ್ಲಿ ಸಣ್ಣಗೆ ಗುಳ್ಳೆ ಬಿಡುತ್ತಿರಬೇಕು, ಉಸಿರು ಕಟ್ಟುವಂತಿಲ್ಲ. ಹೊಸದು ಹಲ್ಲಿಗೆ ಸಿಕ್ಕೊಡನೆ ಅದರ ಗುಂಡಿ ಒತ್ತಿದರೆ ಒಳಗಿನ ನೀರು ಚಿಮ್ಮಿ ಹೋಗುತ್ತದೆ. ಆಮೇಲೆ ಮೊದಲ ಉಸಿರು. ಒಣಗಾಳಿ, ತಣ್ಣಗೆ, ನಾಲಿಗೆಗೆ ತುಸು ಲೋಹದ ರುಚಿ. ಆ ಉಸಿರಿನ ಸುಖವನ್ನು ನಾನು ಪದೇ ಪದೇ ಬಯಸಿ ಹೋಗುತ್ತೇನೆ. ಕೈ ತಾನಾಗಿ ದಾರಿ ಕಂಡುಕೊಂಡಾಗ ಮೈಯ ಬಿಗಿತವೆಲ್ಲ ಸಡಿಲಾಗುತ್ತದೆ.

ಮೀಸಲು ಉಸಿರು ಬೇಕಾಗುವುದು ಡೈವರ್‌ಗಳಿಗಷ್ಟೇ ಅಲ್ಲ. ನಮ್ಮ ನೆರೆಯ ಸಿ.ವಿ. ರಾಮನ್ ನಗರದಲ್ಲಿ ಡಿಆರ್‌ಡಿಒದ ಡೆಬೆಲ್ ಪ್ರಯೋಗಾಲಯವಿದೆ. ತೇಜಸ್ ಯುದ್ಧವಿಮಾನದ ಪೈಲಟ್‌ಗಳಿಗೆಂದು ಅವರು ರೂಪಿಸಿದ ಉಸಿರಾಟದ ವ್ಯವಸ್ಥೆಯನ್ನು 2025ರ ಮಾರ್ಚ್ 4ರಂದು 50,000 ಅಡಿವರೆಗಿನ ಎತ್ತರದಲ್ಲಿ ಪರೀಕ್ಷಿಸಲಾಯಿತು. ಅದರಲ್ಲೂ ಮುಖ್ಯ ಪೂರೈಕೆಯ ಹಿಂದೆ ಬೇರೆಯದೇ ಮೀಸಲು ಆಕ್ಸಿಜನ್ ಇದೆ ಎಂದು ಓದಿದ ದಿನ ನನಗೆ ಬಹಳ ಖುಷಿಯಾಯಿತು. ಮೇಲೆ ಹೋಗುವವರೂ ಕೆಳಗೆ ಇಳಿಯುವವರೂ ಒಂದೇ ಪ್ರಶ್ನೆಗೆ ಒಂದೇ ಉತ್ತರ ಕಂಡುಕೊಂಡಿದ್ದಾರೆ.

ಪೋನಿ ಇದೆಯೆಂದು ಡೈವ್ ಲಂಬಿಸುವುದು ಮಾತ್ರ ಸಲ್ಲದು. ನನ್ನ ಯೋಜನೆಯಲ್ಲಿ ಅದರ ಗಾಳಿಯ ಲೆಕ್ಕವೇ ಇಲ್ಲ. ದೊಡ್ಡ ಸಿಲಿಂಡರಿನಲ್ಲಿ 50 ಬಾರ್ ಉಳಿದಿರುವಂತೆಯೇ ಮೇಲೆ ಬರುತ್ತೇನೆ, ಪೋನಿ ತುಂಬಿದ್ದು ತುಂಬಿದಂತೆ ದೋಣಿ ಸೇರುತ್ತದೆ. ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಹೈಡ್ರೊ ಟೆಸ್ಟ್, ವರ್ಷಕ್ಕೊಮ್ಮೆ ವಾಲ್ವ್ ಬಿಚ್ಚಿ ಒಳಗೆ ದೀಪ ಬಿಟ್ಟು ನೋಡುವುದು, ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆಯುವುದು, ಇವಿಷ್ಟು ಅದಕ್ಕೆ ನಾನು ಸಲ್ಲಿಸುವ ಸೇವೆ.

ಈಗ ನನ್ನ ಜೊತೆಗಾರನೂ ಒಂದು ಕೊಳ್ಳುವವನಿದ್ದಾನೆ. ಎರಡು ಲೀಟರಿನದು ಸಾಕು ಎಂದ. 200 ಬಾರ್‌ಗೆ 400 ಲೀಟರ್, ನೇತ್ರಾಣಿಯ 18 ಮೀಟರಿಗೆ ಅದು ಸಾಲುತ್ತದೆ ನಿಜ. ಆದರೆ ಅವನು 30 ಮೀಟರಿನ ಕೋರ್ಸ್ ಮುಗಿಸಿದ್ದಾನೆ, ಜನವರಿಗೆ ಅಂಡಮಾನ್ ಟಿಕೆಟ್ಟೂ ಆಗಿದೆ. ನಿನ್ನೆ ರಾತ್ರಿ ಫೋನಿನಲ್ಲಿ ಇಬ್ಬರೂ ಕಾಗದ ಪೆನ್ನು ಹಿಡಿದು ಕೂತೆವು. ಕೂಡಿಸಿ ನೋಡಿ ಕೊನೆಗೆ ಅಂದ: “ಸರಿ ಕಣೋ, ದೊಡ್ಡದೇ ತಗೋತೀನಿ. ಭಾನುವಾರ ಕೊಳಕ್ಕೆ ಬಾ, ಟೇಪು ಸುತ್ತೋದು ತೋರಿಸು.”