ಜಪಾನಿನ ಬಾಜಾ ಮಂದಿ

ಹಳೆ ಹಾರ್ಮೋನಿಯಂ ಹುಡುಕಿಕೊಂಡು ಹೈದರಾಬಾದಿನ ಜುಮ್ಮೇರಾತ್ ಬಜಾರಿಗೆ ಹೋದ ನಮ್ಮ ಕಾಕಾ, ಹಾರ್ಮೋನಿಯಂ ಬಿಟ್ಟು ಒಂದು ಫೋಟೋ ಹಿಡಿದು ಕೆಂಭಾವಿಗೆ ಬಂದಿದ್ದ. ಗಾಜು ಒಡೆದ ಕಟ್ಟು, ಒಳಗೆ ಕಂದುಬಣ್ಣದ ಕಾರ್ಡು. ಮೂವರು ಜಪಾನಿ ಹೆಂಗಸರು ವಾದ್ಯ ಹಿಡಿದು ಕೂತಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಪ್ಯಾರಿಸ್, 1900’. ಅವರ ಹೆಸರಿಲ್ಲ.

ತೊಗರಿ ರಾಶಿಯ ದಿನಗಳು. ರಾತ್ರಿ ಕಣ ಕಾಯುತ್ತ ತೊಗರಿ ಕಟಗಿಯ ಬೆಂಕಿ ಹಾಕಿಕೊಂಡು ಕೂತವರಿಗೆ ಕಾಕಾ ಅದನ್ನು ತೋರಿಸಿದ. ತಲೆಗೂದಲಿನ ಗಂಟು ನೋಡಿ ಎಲ್ಲರೂ ನಕ್ಕರು. ಮದುವೆಗಳಲ್ಲಿ ಸನಾದಿ ಊದುತ್ತಿದ್ದ ಮುತ್ಯಾ ಮಾತ್ರ ಕಾರ್ಡನ್ನು ಬೆಂಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

“ಇವ್ರು ಬಾರಸಲಾಕತ್ತಿಲ್ಲ ಬಿಡ್ರಿ. ಫೋಟೋದಾಂವ ಹೇಳ್ಯಾನ, ಹಿಡಕೊಂಡು ಕುಂತಾರ.”

ನಮ್ಮೂರ ಸಾಲಿ ಮಾಸ್ತರು ಧಾರವಾಡದ ಕಡೆಯವರು, ಸಂಗೀತದ ಹುಚ್ಚು. ತಂತಿಯದು ಶಾಮಿಸೆನ್, ಮೂರು ತಂತಿ, ಮೈಗೆ ಬೆಕ್ಕಿನ ಚರ್ಮ ಅಂದರು. ಯಾರೋ ಥೂ ಎಂದು ಉಗುಳಿದರು. ಇನ್ನಿಬ್ಬರ ಹತ್ತಿರ ನಡು ಸಣ್ಣಗಿರುವ ವಾದ್ಯಗಳು, ನಮ್ಮ ಬುಡಬುಡಿಕೆಯ ಅಣ್ಣತಮ್ಮಂದಿರು. ಒಂದು ಹೆಗಲ ಮೇಲೆ, ಒಂದು ತೊಡೆಯ ಮೇಲೆ. ಹೆಗಲ ಮೇಲಿನದರ ಹಗ್ಗ ಹಿಚುಕಿದರೆ ನಾದ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಮುತ್ಯಾನಿಗೆ ಅದೇನೂ ಹೊಸದಲ್ಲ. ಎಲ್ಲಮ್ಮನ ಜೋಗತಿಯರ ಚೌಡಿಕೆಯ ತಂತಿ ಬಿಗಿಯುವುದನ್ನು ಕಂಡವನು.

“ಹಲಗಿ ಕಾಸಿದಂಗ ಇದನ್ನೂ ಬೆಂಕಿಗಿ ಕಾಸ್ತಾರೇನ್ರಿ ಮಾಸ್ತರ?”

ಮಾಸ್ತರು ಸುಮ್ಮನಾದರು. ಉತ್ತರ ನನಗೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ. ತೊಡೆಯ ಮೇಲಿಟ್ಟು ಬಾರಿಸುವ ಓತ್ಸುಜುಮಿಯ ಚರ್ಮವನ್ನು ಆಟಕ್ಕೆ ಮುಂಚೆ ಕೆಂಡದ ಮೇಲೆ ಕಾಸಲೇಬೇಕು. ಹೆಗಲ ಮೇಲಿನ ಕೊತ್ಸುಜುಮಿಯದು ಉಲ್ಟಾ: ಒಣಗಿದರೆ ನಾದ ಕೆಡುತ್ತದೆ, ಬಾಯಿಯ ಉಸಿರು ಬಿಟ್ಟು ಹಸಿಯಾಗಿಡುತ್ತಾರೆ. ಮುತ್ಯಾ ಸರಿಯಾದ ಕಡೆಗೇ ಕೈ ಹಾಕಿದ್ದ.

ಆ ರಾತ್ರಿ ಮಾಸ್ತರು ಕಾರ್ಡಿನ ಇಸವಿಯ ಕಥೆ ಹೇಳಿದರು. ಆ 1900ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ಪ್ರದರ್ಶನ ನಡೆದಿತ್ತು. ಲೋಯಿ ಫುಲ್ಲರ್ ಎಂಬ ಅಮೆರಿಕದ ನರ್ತಕಿ ಅಲ್ಲಿ ನಡೆಸುತ್ತಿದ್ದ ರಂಗಮಂದಿರದಲ್ಲಿ ಕಾವಾಕಾಮಿ ಒತೋಜಿರೋ, ಅವನ ಹೆಂಡತಿ ಸದಾಯಾಕ್ಕೊ ಆಡಿದರು. ಮೊದಲು ಗೀಶಾ ಆಗಿದ್ದ ಸದಾಯಾಕ್ಕೊಳ ಹೆಸರು ಊರೆಲ್ಲ ಆಯಿತು, ಪಿಕಾಸೋ ಕೂಡ ಅವಳ ಚಿತ್ರ ಬರೆದ. ಅದೇ ವರ್ಷ ಅದೇ ಊರಲ್ಲಿ ಆ ತಂಡದವರ ದನಿ, ವಾದನ ಗ್ರಾಮಫೋನ್ ತಟ್ಟೆಗಳಿಗೂ ಇಳಿಯಿತು. ಜಪಾನಿ ಸಂಗೀತದ ಮೊಟ್ಟಮೊದಲ ಮುದ್ರಣಗಳ ಸಾಲಿನವು ಅವು. ನಮ್ಮ ಕಾರ್ಡಿನ ಹೆಂಗಸರು ಆ ತಂಡದವರೇ ಎಂದು ಮಾಸ್ತರು ಆಣೆ ಮಾಡಲಿಲ್ಲ, ಕಾಕಾ ಮಾಡಿದ.

“ನಮ್ಮ ಕಡಿಯವ್ರು ಯಾರೂ ಹೋಗಿಲ್ಲೇನು ಅಲ್ಲಿಗಿ?” ಅಂದ ಮುತ್ಯಾ.

ಮಾಸ್ತರ ಮುಖ ಅರಳಿತು. ಹುಬ್ಬಳ್ಳಿಯಲ್ಲಿ ಹುಟ್ಟಿದ ವಿಷ್ಣುದಾಸ ಶಿರಾಳಿಯವರ ಕಥೆ ತೆಗೆದರು. ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯ. 1930ರ ದಶಕದಲ್ಲಿ ಉದಯಶಂಕರರ ನೃತ್ಯತಂಡದ ಜೊತೆ ಯುರೋಪು, ಅಮೆರಿಕ ತಿರುಗಿದವರು. ಹುಡುಗ ರವಿಶಂಕರ್ ಅದೇ ತಂಡದಲ್ಲಿದ್ದ. ಆ ಕಾಲದ ಫೋಟೋಗಳಲ್ಲಿ ಕುಣಿಯುವವರು ಮುಂದೆ, ವಾದ್ಯದವರು ಹಿಂದೆ.

“ಭೋಗಣ್ಣ ಊರು ಬಿಟ್ಟಾಗ ಲಿಂಗ ಎಲ್ಲಾ ಬೆನ್ನ ಹತ್ತಿ ಹೋದಂಗ, ವಾದ್ಯ ಹೋಗ್ಯಾವು ನೋಡು,” ಅಂದ ಕಾಕಾ.

ಮುತ್ಯಾನಿಗೆ ನಮ್ಮೂರ ಶರಣ ಕೆಂಭಾವಿ ಭೋಗಣ್ಣನ ಮಾತು ಆಗ ಬೇಕಿರಲಿಲ್ಲ. ಮದುವೆ ಮನೆಯಲ್ಲಿ ಕೊನೆಯ ಪಂಕ್ತಿಗೆ ಕೂತವನು ಅವನು.

“ಅದು ಇರ್ಲಿ ಮಾಸ್ತರ, ಹಿಂದ ಕುಂತವ್ರಿಗಿ ಪಗಾರ ಎಷ್ಟು ಕೊಟ್ರು? ಉಣ್ಣಾಕ ಮೊದಲ ಕರದ್ರೋ, ಆಮ್ಯಾಲ ಕರದ್ರೋ?”